ಗರಿ ಬಡಿದ ಕಣ್ಣು: ಒಂದು ಅಧಿಕರಣ

ಪೆಟ್ಟಾದ ಜಾಗದಲ್ಲೇ ಬೂಷ್ಟು ಹಿಡಿದು ಬೆಳೆಯುವ ರೋಗಗಳಿವೆ. ಮುಳ್ಳು ಚುಚ್ಚಿದ ಪಾದ, ಮಣ್ಣು ಹೊಕ್ಕ ಮೂಳೆಮುರಿತ, ಭತ್ತದ ಗರಿ ಬಡಿದ ಕಣ್ಣು, ಮೂರೂ ಇದೇ ಪಂಗಡಕ್ಕೆ ಸೇರುತ್ತವೆ. ಇಲ್ಲಿ ವಿಚಾರಕ್ಕೆ ಎತ್ತಿಕೊಂಡಿರುವುದು ಕಣ್ಣನ್ನು. ಮಿಕ್ಕವು ದೃಷ್ಟಾಂತಗಳಾಗಿ ಬರುತ್ತವೆ. ಕಬ್ಬು, ಭತ್ತ, ಜೋಳ ಬೆಳೆಯುವ ಸೀಮೆಯಲ್ಲಿ ಸುಗ್ಗಿ ಬಂತೆಂದರೆ ಕಣ್ಣಿಗೆ ಗರಿ ತಾಗಿಸಿಕೊಳ್ಳುವವರು ಇದ್ದೇ ಇರುತ್ತಾರೆ. ಅವರಲ್ಲಿ ಕೆಲವರ ಕಣ್ಣು ಬೆಳ್ಳಗಾಗಿ ಹೋಗುತ್ತದೆ. ಊರಿನವರು ‘ಕಣ್ಣಿಗೆ ಹೂ ಬಿತ್ತು’ ಅಂದು ಹಣೆಬರಹಕ್ಕೆ ಹಾಕಿ ಸುಮ್ಮನಾಗುತ್ತಾರೆ. ಅದು ಹಣೆಬರಹವಲ್ಲ, ಬಹುಮಟ್ಟಿಗೆ ತಡೆಯಬಹುದಾದ ಕುರುಡು ಎಂಬುದು ಈ ಬರಹದ ವಾದ.

ಮೀಮಾಂಸಾ ದಾರ್ಶನಿಕ ಜೈಮಿನಿಯ ಪರಂಪರೆಯವರು ಒಂದು ಪ್ರಶ್ನೆಯನ್ನು ತೀರ್ಮಾನಿಸುವಾಗ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ ಎಂಬ ಐದು ಅಂಗಗಳ ಅಧಿಕರಣ ಕಟ್ಟುತ್ತಿದ್ದರು. ಎದುರಾಳಿಯ ಮಾತನ್ನು ಅದರ ಪೂರ್ಣ ಬಲದೊಂದಿಗೆ ಮುಂದಿಟ್ಟ ಮೇಲೆಯೇ ಉತ್ತರ ಹೇಳಬೇಕು ಎಂಬ ಶಿಸ್ತು ಅದರಲ್ಲಿದೆ. ನಮ್ಮ ಪ್ರಶ್ನೆಗೂ ಆ ಶಿಸ್ತು ಬೇಕು. ಇಲ್ಲಿ ಬರುವ ಪೂರ್ವಪಕ್ಷಗಳನ್ನು ಆಡುವವರು ದಡ್ಡರಲ್ಲ. ದಿನಕ್ಕೆ ನೂರು ರೋಗಿಗಳನ್ನು ನೋಡುವ ವೈದ್ಯರು, ಕೂಲಿ ತಪ್ಪಿದರೆ ಒಲೆ ಉರಿಯದ ಮನೆಯವರು.

ವಿಷಯ

ಕಣ್ಣಿನ ಕರಿಗುಡ್ಡೆಯ ಮುಂದೆ ನಿಂತಿರುವ ಪಾರದರ್ಶಕ ಪದರವೇ ಕಾರ್ನಿಯಾ. ಅದರ ದಪ್ಪ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು. ಅದರಲ್ಲಿ ರಕ್ತನಾಳಗಳಿಲ್ಲ. ಇದ್ದಿದ್ದರೆ ಬೆಳಕು ನೇರ ಹಾಯುತ್ತಿರಲಿಲ್ಲ. ಮೇಲಿನ ತೆಳು ಹೊದಿಕೆ ಎಲ್ಲೂ ಹರಿಯದೆ ಇರುವತನಕ ಶಿಲೀಂಧ್ರ ಒಳಗಿಳಿಯುವುದು ಅಪರೂಪ. ಕಣ್ಣೀರು ತೊಳೆಯುತ್ತದೆ, ರೆಪ್ಪೆ ಒರೆಸುತ್ತದೆ. ಗರಿಯೊಂದು ಚರ್ರೆಂದು ಗೀರಿದ ಕ್ಷಣ ಆ ಕಾವಲು ಮುರಿಯುತ್ತದೆ.

ಗೀರಿದ ವಸ್ತು ಯಾವುದು ಎಂಬುದು ಇಲ್ಲಿ ಬಹಳ ಮುಖ್ಯ. ಒಣಗಿದ ಎಲೆ, ಹೊಟ್ಟು, ಕಬ್ಬಿನ ರವದಿ, ಮಣ್ಣಿನ ಹೆಂಟೆ ಇವೆಲ್ಲ ಫ್ಯುಸೇರಿಯಂ ಮತ್ತು ಆಸ್ಪರ್ಜಿಲಸ್ ಎಂಬ ಶಿಲೀಂಧ್ರಗಳ ಮನೆ. ಗಾಯ ಮಾಡುವ ವಸ್ತುವೇ ಬೀಜಕವನ್ನೂ ಹೊತ್ತು ತಂದು, ತಾನೇ ತೆರೆದ ಬಾಗಿಲಲ್ಲಿ ಇಳಿಸಿ ಹೋಗುತ್ತದೆ. ಕಾರ್ನಿಯಾದ ಮೇಲ್ಮೈ ದೇಹದ ಒಳಭಾಗಕ್ಕಿಂತ ಕೆಲವು ಡಿಗ್ರಿ ತಂಪು, ಸುಮಾರು 34 ಡಿಗ್ರಿ ಸೆಲ್ಸಿಯಸ್. ರಕ್ತ ಹರಿಯದ ಜಾಗವಾದ್ದರಿಂದ ಬಿಳಿಕಣಗಳು ಬದಿಯಿಂದ ತೆವಳಿಕೊಂಡು ಬರಬೇಕು. ಅಷ್ಟರೊಳಗೆ ಬೀಜಕ ಮೊಳೆತು ಎಳೆ ಚಾಚಿ, ಪದರ ಪದರಗಳ ನಡುವೆ ಹರಡುತ್ತದೆ. ಒಳಗಡೆಯ ಡೆಸಿಮೆಟ್ ಪೊರೆ ಬ್ಯಾಕ್ಟೀರಿಯಾಗಳನ್ನು ಸಾಮಾನ್ಯವಾಗಿ ತಡೆದು ನಿಲ್ಲಿಸುತ್ತದೆ. ಶಿಲೀಂಧ್ರದ ಎಳೆ ಅದು ತೂತಾಗದಿದ್ದರೂ ಅದನ್ನು ದಾಟಬಲ್ಲದು. ಒಮ್ಮೆ ಕಣ್ಣಿನ ಒಳಕೋಣೆಗೆ ಇಳಿದರೆ ಹನಿ ಔಷಧ ಅಲ್ಲಿಗೆ ಮುಟ್ಟುವುದು ಕಷ್ಟ.

ಈ ರೋಗದ ದೊಡ್ಡ ವಂಚನೆ ಇರುವುದು ಅದರ ನಿಧಾನದಲ್ಲಿ. ಬ್ಯಾಕ್ಟೀರಿಯಾ ಹುಣ್ಣು ಒಂದೆರಡು ದಿನದಲ್ಲೇ ಕೀವು, ನೋವು, ಊತ ತಂದು ರೋಗಿಯನ್ನು ಆಸ್ಪತ್ರೆಗೆ ಎಳೆಯುತ್ತದೆ. ಶಿಲೀಂಧ್ರದ ಹುಣ್ಣಿಗೆ ಹಲವು ದಿನ, ಕೆಲವೊಮ್ಮೆ ಎರಡು ವಾರವೂ ಬೇಕು. ಮೊದಮೊದಲು ಸ್ವಲ್ಪ ಕೆಂಪು, ಸ್ವಲ್ಪ ನೀರು, ಮರಳು ಬಿದ್ದಂತೆ ಚುಚ್ಚಾಟ. ರಾಶಿ ಮುಗಿದ ಮೇಲೆ ತೋರಿಸಿದರಾಯಿತು ಎಂದು ದಿನ ತಳ್ಳಲು ಅದೇ ಅವಕಾಶ ಕೊಡುತ್ತದೆ.

ಮದುರೈಯಲ್ಲಿ 1994ರ ಜನವರಿಯಿಂದ ಮಾರ್ಚ್‌ವರೆಗೆ ಕಾರ್ನಿಯಾ ಹುಣ್ಣಿನಿಂದ ಬಂದ 434 ಮಂದಿಯನ್ನು ಕೂಲಂಕಷವಾಗಿ ಪರೀಕ್ಷಿಸಿದರು. ಅದರ ವರದಿ 1997ರಲ್ಲಿ ಪ್ರಕಟವಾಯಿತು. ಮೂರರಲ್ಲಿ ಎರಡು ಪಾಲು ಜನರಿಗೆ, ಅಂದರೆ ಶೇ 65.4 ಮಂದಿಗೆ, ಹಿಂದೆ ಕಣ್ಣಿಗೆ ಪೆಟ್ಟಾಗಿತ್ತು. ಸೂಕ್ಷ್ಮಜೀವಿ ಬೆಳೆದು ಸಿಕ್ಕವರಲ್ಲಿ ಬ್ಯಾಕ್ಟೀರಿಯಾ ಶೇ 47.1, ಶಿಲೀಂಧ್ರ ಶೇ 46.8. ಈ ಎರಡು ಅಂಕಿಗಳು ಹೀಗೆ ಹೆಗಲಿಗೆ ಹೆಗಲು ಕೊಟ್ಟು ನಿಂತಿರುವುದನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದಿನ ವಾದವೆಲ್ಲ ಇದರ ಮೇಲೆ ನಿಲ್ಲುತ್ತದೆ. ಜಗತ್ತಿನಾದ್ಯಂತ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಮಂದಿಗೆ ಕಾರ್ನಿಯಾದ ಶಿಲೀಂಧ್ರ ಸೋಂಕು ತಗಲುತ್ತದೆ ಎಂದು 2021ರ ಒಂದು ಅಂದಾಜು ಹೇಳಿತು. ಅದರಲ್ಲಿ ಏಷ್ಯಾದ ಪಾಲೇ ದೊಡ್ಡದು.

ಸಂಶಯ

ಗರಿಯೋ ಹೊಟ್ಟೋ ಬಡಿದು ಕಣ್ಣು ಕೆಂಪಾಗಿ, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಎದ್ದು ಬಂದವನನ್ನು ಮೊದಲ ದಿನ ಹೇಗೆ ಕಾಣಬೇಕು? ಎಲ್ಲರಿಗೂ ಕೊಡುವ ಆಂಟಿಬಯಾಟಿಕ್ ಹನಿ ಕೊಟ್ಟು, ವಾಸಿಯಾಗದಿದ್ದರೆ ಮಾತ್ರ ಶಿಲೀಂಧ್ರದ ಯೋಚನೆ ಮಾಡಬೇಕೆ? ಇಲ್ಲವೇ ಏನು ಬಡಿಯಿತು ಎಂದು ಕೇಳಿ, ಹುಣ್ಣನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲೆಯೇ ಔಷಧ ಬರೆಯಬೇಕೆ?

ಮೊದಲ ಪೂರ್ವಪಕ್ಷ: ಗಾಯವಲ್ಲ, ಬಲಹೀನತೆಯೇ ಕಾರಣ

ಶಿಲೀಂಧ್ರದ ಬೀಜಕ ಎಲ್ಲಿಲ್ಲ? ನಾವು ಉಸಿರಾಡುವ ಗಾಳಿಯಲ್ಲಿದೆ, ಉಣ್ಣುವ ರೊಟ್ಟಿಯ ಮೇಲಿದೆ. ಕಣ್ಣಿಗೆ ಕಸ ಬಿದ್ದವರೆಲ್ಲ ಕುರುಡರಾಗುವುದಿಲ್ಲ. ಆದ್ದರಿಂದ ನಿಜವಾದ ಕಾರಣ ದೇಹದ ಬಲಹೀನತೆ, ಗಾಯ ಬರೀ ನೆಪ. 2021ರಲ್ಲಿ ಕಪ್ಪು ಶಿಲೀಂಧ್ರ ಬಂದಾಗ ನೋಡಲಿಲ್ಲವೆ, ಅದು ಹಿಡಿದದ್ದು ಬಹುಪಾಲು ಸಕ್ಕರೆ ಕಾಯಿಲೆಯವರನ್ನು, ಕೋವಿಡ್‌ಗೆ ಸ್ಟಿರಾಯ್ಡ್ ಪಡೆದವರನ್ನು. ಗಟ್ಟಿಮುಟ್ಟಾದ ರೈತನಲ್ಲಿ ಮೊದಲ ದಿನವೇ ಶಿಲೀಂಧ್ರ ಹುಡುಕುವುದು ವ್ಯರ್ಥ ಗಾಬರಿ.

ಉತ್ತರ. ಮೂಗಿನಿಂದ ಹೊಕ್ಕ ಶಿಲೀಂಧ್ರದ ವಿಷಯದಲ್ಲಿ ಈ ಮಾತು ಬಹುಮಟ್ಟಿಗೆ ಸರಿ. ಗಾಯದಿಂದ ಹೊಕ್ಕದ್ದರ ವಿಷಯದಲ್ಲಿ ಸರಿಯಲ್ಲ. 2011ರ ಮೇ 22ರಂದು ಅಮೆರಿಕದ ಮಿಸೌರಿ ರಾಜ್ಯದ ಜಾಪ್ಲಿನ್ ಪಟ್ಟಣದ ಮೇಲೆ ಸುಂಟರಗಾಳಿ ಎರಗಿತು. ಸಾವಿರಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಮರದ ಚೂರು, ಮಣ್ಣು, ಗಾಜು ಮೈಯೊಳಗೆ ಹೊಕ್ಕಿದ್ದವು. ಮುಂದಿನ ದಿನಗಳಲ್ಲಿ 13 ಮಂದಿಯ ಗಾಯಗಳಲ್ಲಿ ಅಪೋಫಿಸೊಮೈಸೀಸ್ ಎಂಬ ಶಿಲೀಂಧ್ರ ಬೆಳೆದು ಮಾಂಸ ಕೊಳೆಯತೊಡಗಿತು. ಐವರು ಸತ್ತರು. ಆ 13 ಮಂದಿಯಲ್ಲಿ ಬಹುಪಾಲು ಜನರಿಗೆ ಸಕ್ಕರೆ ಕಾಯಿಲೆ ಇರಲಿಲ್ಲ. ರೋಗ ತಗಲಿದವರನ್ನೂ ತಗಲದ ಗಾಯಾಳುಗಳನ್ನೂ ಹೋಲಿಸಿದಾಗ ಎದ್ದು ಕಂಡದ್ದು ಗಾಯಗಳ ಸಂಖ್ಯೆ ಮತ್ತು ಚುಚ್ಚಿದ ಗಾಯ. ಹಾನಿ ಅತಿ ಹೆಚ್ಚಾದ ಪಟ್ಟಿಯಲ್ಲೇ ಅವರೆಲ್ಲ ಇದ್ದರು. ಅಂದಹಾಗೆ ಈ ಶಿಲೀಂಧ್ರಕುಲವನ್ನು ಮೊಟ್ಟಮೊದಲು ಗುರುತಿಸಿ ಹೆಸರಿಟ್ಟದ್ದು 1979ರಲ್ಲಿ, ಉತ್ತರ ಭಾರತದ ಒಂದು ಮಾವಿನ ತೋಪಿನ ಮಣ್ಣಿನಲ್ಲಿ. ನಮ್ಮ ಮಣ್ಣಿಗೆ ಅದು ಪರಕೀಯವಲ್ಲ.

ಇನ್ನೂ ಬಲವಾದ ಪ್ರಮಾಣ ದಕ್ಷಿಣ ಆಫ್ರಿಕದ ವಿಟ್‌ವಾಟರ್ಸ್‌ರ‍್ಯಾಂಡ್ ಚಿನ್ನದ ಗಣಿಗಳದ್ದು. 1941ರಿಂದ 1944ರ ನಡುವೆ ಅಲ್ಲಿ ಸುಮಾರು 3000 ಗಣಿಗಾರರ ಕೈಕಾಲುಗಳಲ್ಲಿ ಸ್ಪೊರೊಟ್ರೈಕೋಸಿಸ್ ಎಂಬ ಶಿಲೀಂಧ್ರದ ಹುಣ್ಣುಗಳೆದ್ದವು. ಎಲ್ಲರೂ ಮೈಮುರಿದು ದುಡಿಯುವ ಗಟ್ಟಿ ಆಳುಗಳೇ. ಸುರಂಗಕ್ಕೆ ಆನಿಸಿದ್ದ ಮರದ ಕಂಬಗಳ ಮೇಲೆ ಶಿಲೀಂಧ್ರ ಬೆಳೆದಿತ್ತು, ಅದಕ್ಕೆ ಉಜ್ಜಿ ತರಚಿದ ಚರ್ಮದಲ್ಲಿ ರೋಗ ಬಂದಿತ್ತು. ಕಂಬಗಳಿಗೆ ಶಿಲೀಂಧ್ರನಾಶಕ ಬಳಿದಾಗ ಪಿಡುಗು ಇಳಿಯಿತು. ಗಣಿಗಾರರ ಮೈಬಲ ಮೊದಲಿನಂತೆಯೇ ಇತ್ತು, ಬದಲಾದದ್ದು ಮರ. ತಾರ್ಕಿಕರು ಕೇಳುವ ಅನ್ವಯವೂ (ಕಾರಣ ಇದ್ದಲ್ಲಿ ಕಾರ್ಯ) ವ್ಯತಿರೇಕವೂ (ಕಾರಣ ಇಲ್ಲದಲ್ಲಿ ಕಾರ್ಯವೂ ಇಲ್ಲ) ಇಲ್ಲಿ ಒಟ್ಟಿಗೆ ಸಿಗುತ್ತವೆ.

ಎಲ್ಲ ಗೀರುಗಳೂ ಸೋಂಕಾಗುವುದಿಲ್ಲ ಎಂಬುದು ನಿಜ. ಅದರಿಂದ ಗಾಯ ಕಾರಣವಲ್ಲ ಎಂದು ಸಿದ್ಧವಾಗದು. ಬಿತ್ತಿದ ಕಾಳೆಲ್ಲ ಮೊಳೆಯುವುದಿಲ್ಲವೆಂದು ಬಿತ್ತನೆಯೇ ಬೆಳೆಗೆ ಕಾರಣವಲ್ಲ ಎನ್ನಲಾದೀತೆ? ಹೈದರಾಬಾದಿನ ಒಂದು ಕಣ್ಣಿನ ಸಂಸ್ಥೆ ಹತ್ತು ವರ್ಷಗಳಲ್ಲಿ ಕಂಡ 1352 ಶಿಲೀಂಧ್ರ ಹುಣ್ಣುಗಳಲ್ಲಿ ಶೇ 71ರಷ್ಟು ಗಂಡಸರದ್ದು, ಹೆಚ್ಚಿನವರು ದುಡಿಯುವ ವಯಸ್ಸಿನವರು. ಬಲಹೀನರ ರೋಗವಾಗಿದ್ದರೆ ಮುದುಕರೂ ಎಳೆಮಕ್ಕಳೂ ಸಾಲಿನ ಮೊದಲಿಗಿರಬೇಕಿತ್ತು.

ಎರಡನೆಯ ಪೂರ್ವಪಕ್ಷ: ಮೊದಲು ಆಂಟಿಬಯಾಟಿಕ್ ಕೊಟ್ಟು ನೋಡೋಣ

ಇದು ಎಲ್ಲಕ್ಕಿಂತ ಬಲವಾದದ್ದು. ಸಣ್ಣ ಆಸ್ಪತ್ರೆಯ ವೈದ್ಯರು ಹೇಳುವುದು ಹೀಗೆ: ಆಂಟಿಬಯಾಟಿಕ್ ಹನಿಯಿಂದ ಅಪಾಯ ಕಡಿಮೆ, ಬೆಲೆ ಕಡಿಮೆ. ಅರ್ಧ ಜನಕ್ಕೆ ಅದರಿಂದಲೇ ಗುಣವಾಗುತ್ತದೆ. ಆಗದ ಅರ್ಧವನ್ನು ಆಮೇಲೆ ದೊಡ್ಡ ಆಸ್ಪತ್ರೆಗೆ ಕಳಿಸೋಣ. ಅನುಭವಿ ವೈದ್ಯನಿಗೆ ಹುಣ್ಣು ನೋಡಿದರೇ ಗೊತ್ತಾಗುತ್ತದೆ. ಶಿಲೀಂಧ್ರದ್ದಾದರೆ ಅಂಚು ಹಕ್ಕಿಯ ಪುಕ್ಕದಂತೆ ಎಳೆಎಳೆಯಾಗಿರುತ್ತದೆ, ಮೇಲ್ಮೈ ಒಣಗಿ ಉಬ್ಬಿರುತ್ತದೆ, ಸುತ್ತ ಸಣ್ಣ ಮರಿಚುಕ್ಕೆಗಳಿರುತ್ತವೆ.

ಮೊದಲು ನೋಟದ ಮಾತು. ಆ ಲಕ್ಷಣಗಳು ಇವೆ, ಪಠ್ಯಪುಸ್ತಕದಲ್ಲೂ ಇವೆ. ಆದರೆ ಕಾರ್ನಿಯಾ ತಜ್ಞರಿಗೇ ಹುಣ್ಣಿನ ಚಿತ್ರಗಳನ್ನು ತೋರಿಸಿ ಬ್ಯಾಕ್ಟೀರಿಯಾವೋ ಶಿಲೀಂಧ್ರವೋ ಹೇಳಿ ಎಂದಾಗ, ಸರಿಯುತ್ತರ ಬಂದದ್ದು ಹೆಚ್ಚುಕಡಿಮೆ ಮೂರರಲ್ಲಿ ಎರಡು ಸಲ. ತಜ್ಞರ ಗತಿಯೇ ಇದಾದರೆ, ಟಾರ್ಚ್ ಬೆಳಕಿನಲ್ಲಿ ನೋಡುವ ವೈದ್ಯಾಧಿಕಾರಿಯ ಮೇಲೆ ಆ ಹೊರೆ ಹಾಕುವುದು ನ್ಯಾಯವಲ್ಲ.

ಇನ್ನು ಕಾಯುವ ಮಾತು. ಆಂಟಿಬಯಾಟಿಕ್ ಹನಿ ತಾನಾಗಿ ಹೆಚ್ಚು ಕೆಡುಕು ಮಾಡುವುದಿಲ್ಲ ಎಂಬುದನ್ನು ಒಪ್ಪುತ್ತೇನೆ. ಕೆಡುಕು ಮಾಡುವುದು ಅದು ತಿನ್ನುವ ದಿನಗಳು. ಪೆಟ್ಟಾದವನು ಮೊದಲ ದಿನವೇ ಬರುವುದಿಲ್ಲ. ಮನೆಯಲ್ಲಿ ಎದೆಹಾಲು, ಹರಳೆಣ್ಣೆ, ನಂದಿಬಟ್ಟಲು ಹೂವಿನ ರಸ ಆಗಿರುತ್ತದೆ. ಕೆಲವು ಊರುಗಳಲ್ಲಿ ಕಣ್ಣಿನ ಕಸವನ್ನು ನಾಲಿಗೆಯಿಂದ ತೆಗೆಯುವವರೂ ಇದ್ದಾರೆ. ಇದನ್ನು ಮಾಡುವವರು ಅಕ್ಕರೆಯಿಂದಲೇ ಮಾಡುತ್ತಾರೆ. ಆದರೆ ಹೊದಿಕೆ ಹರಿದ ಕಾರ್ನಿಯಾಕ್ಕೆ ಎಂಜಲೂ ಎಲೆರಸವೂ ಹೊಸ ಸೋಂಕಿನ ದಾರಿಗಳೇ. ಇದೆಲ್ಲ ಮುಗಿದು, ಔಷಧದಂಗಡಿಯ ಹನಿ ಮುಗಿದು, ಆಮೇಲೆ ಆಸ್ಪತ್ರೆ. ಅಲ್ಲಿ ಇನ್ನೊಂದು ವಾರ ‘ನೋಡೋಣ’ ಅಂದರೆ ಎಳೆಗಳು ಆಳಕ್ಕೆ ಇಳಿದಿರುತ್ತವೆ. ಎರಡು ಸಾಧ್ಯತೆಗಳು ಸಮಸಮವಾಗಿರುವಾಗ ಒಂದನ್ನೇ ಊಹಿಸಿ ಹೊರಡುವುದನ್ನು ಎಚ್ಚರಿಕೆ ಎನ್ನಲಾಗದು.

ಔಷಧದಂಗಡಿಯ ಆ ಹನಿಯ ಬಗ್ಗೆ ನಾಲ್ಕು ಮಾತು ಹೇಳದೆ ಮುಂದೆ ಹೋಗಲಾರೆ. ಆಂಟಿಬಯಾಟಿಕ್ ಜೊತೆ ಡೆಕ್ಸಾಮೆಥಾಸೋನ್‌ನಂಥ ಸ್ಟಿರಾಯ್ಡ್ ಬೆರೆಸಿದ ಶೀಶೆಗಳು ಸುಲಭವಾಗಿ ಸಿಗುತ್ತವೆ. ವೈದ್ಯರ ಚೀಟಿಯಿಲ್ಲದೆ ಮಾರಬಾರದು ಎಂಬ ನಿಯಮ ಶೀಶೆಯ ಮೇಲೆ ಉಳಿಯುತ್ತದೆ. ಸ್ಟಿರಾಯ್ಡ್ ಬಿದ್ದ ಕೂಡಲೆ ಕೆಂಪು ಇಳಿಯುತ್ತದೆ, ನೋವು ತಗ್ಗುತ್ತದೆ. ಯಾಕೆಂದರೆ ಅದು ದೇಹದ ಪ್ರತಿಹೋರಾಟವನ್ನೇ ತಣ್ಣಗೆ ಮಾಡಿದೆ. ಕಾವಲಿಲ್ಲದ ಆ ಹೊತ್ತಿನಲ್ಲಿ ಶಿಲೀಂಧ್ರ ಸರಾಗವಾಗಿ ಬೆಳೆಯುತ್ತದೆ. ವಾಸಿಯಾಗುತ್ತಿದೆ ಎಂದು ರೋಗಿ ನಂಬಿದ ದಿನಗಳಲ್ಲೇ ಕಣ್ಣು ಕೈಬಿಟ್ಟು ಹೋಗುತ್ತಿರುತ್ತದೆ. ಇದನ್ನು ಬರೆಯುವಾಗ ನನಗೆ ಸಂಕಟವೂ ಆಗುತ್ತದೆ, ಸಿಟ್ಟೂ ಬರುತ್ತದೆ.

ಇಲ್ಲಿ ಒಬ್ಬರು ಅಡ್ಡಪ್ರಶ್ನೆ ಹಾಕಬಹುದು. ಕಾರ್ನಿಯಾ ಹುಣ್ಣಿಗೆ ಸ್ಟಿರಾಯ್ಡ್ ಕೊಟ್ಟು ನೋಡಿದ ದೊಡ್ಡ ಅಧ್ಯಯನವೇ ಇದೆಯಲ್ಲ, 2012ರಲ್ಲಿ ಪ್ರಕಟವಾದದ್ದು, 500 ರೋಗಿಗಳ ಮೇಲೆ? ಇದೆ. ಆದರೆ ಅದರಲ್ಲಿ ಸೇರಿಸಿಕೊಂಡದ್ದು ಬ್ಯಾಕ್ಟೀರಿಯಾ ಎಂದು ಖಾತ್ರಿಯಾದ ಹುಣ್ಣುಗಳನ್ನು ಮಾತ್ರ, ಶಿಲೀಂಧ್ರ ಕಂಡವರನ್ನು ಹೊರಗಿಟ್ಟಿದ್ದರು. ಎರಡು ದಿನ ಆಂಟಿಬಯಾಟಿಕ್ ಹಾಕಿದ ಮೇಲೆಯೇ ಸ್ಟಿರಾಯ್ಡ್ ಶುರುಮಾಡಿದ್ದು. ಅಷ್ಟೆಲ್ಲ ಮಾಡಿಯೂ ಒಟ್ಟಾರೆ ಲಾಭ ಕಾಣಲಿಲ್ಲ. ಆ ಅಧ್ಯಯನ ನಮ್ಮ ಪಕ್ಷದ ಸಾಕ್ಷಿಯೇ: ಪರೀಕ್ಷೆ ಮೊದಲು, ಸ್ಟಿರಾಯ್ಡಿನ ಮಾತು ಆಮೇಲೆ.

ಸಿದ್ಧಾಂತ

ಆದ್ದರಿಂದ ಸಿದ್ಧಾಂತ ಇದು. ಸಸ್ಯದ ಚೂರಿನಿಂದಲೋ ಮಣ್ಣಿನಿಂದಲೋ ಗಾಯವಾದ ಕಣ್ಣಿನಲ್ಲಿ ಹುಣ್ಣು ಕಂಡರೆ, ಅದು ಶಿಲೀಂಧ್ರದ್ದಲ್ಲ ಎಂದು ಪರೀಕ್ಷೆ ಹೇಳುವತನಕ ಶಿಲೀಂಧ್ರದ್ದೂ ಇರಬಹುದೆಂದೇ ನಡೆದುಕೊಳ್ಳಬೇಕು. ‘ಏನು ಬಡಿಯಿತು, ಯಾವತ್ತು ಬಡಿಯಿತು, ಇಲ್ಲಿಯವರೆಗೆ ಏನೇನು ಹಾಕಿದಿರಿ’ ಎಂಬ ಮೂರು ಪ್ರಶ್ನೆಗಳು ರೋಗನಿರ್ಣಯದ ಅಂಗವಾಗಬೇಕು. ಪೆಟ್ಟನ್ನು ರೋಗದ ಮೊದಲ ದಿನವಾಗಿ ಎಣಿಸಬೇಕು. ಹೊರಗಿನಿಂದ ಬಂದ ಆಗಂತು ವ್ಯಾಧಿಯಲ್ಲಿ ಮೊದಲು ನೋವು, ಆಮೇಲೆ ದೋಷಗಳ ಕೆಡಕು ಎಂದು ಚರಕ ಸಂಹಿತೆ ಹೇಳುತ್ತದೆ. ಶಿಲೀಂಧ್ರದ ಕಲ್ಪನೆ ಅಲ್ಲಿಲ್ಲ. ಆದರೂ ಪೆಟ್ಟಿನಿಂದ ರೋಗದ ಲೆಕ್ಕ ಶುರುಮಾಡಬೇಕೆಂಬ ಕ್ರಮ ಅಲ್ಲಿ ಸ್ಪಷ್ಟವಾಗಿದೆ.

ಸಿದ್ಧಾಂತದ ಮೇಲಿನ ಆಕ್ಷೇಪಗಳು

ತಾಲ್ಲೂಕು ಆಸ್ಪತ್ರೆಯಲ್ಲಿ ಪ್ರಯೋಗಾಲಯ ಎಲ್ಲಿದೆ, ಎನ್ನುತ್ತಾರೆ. ಬೇಕಾದದ್ದು ಎಷ್ಟು ಎಂದು ನೋಡಿ. ಕಣ್ಣಿಗೆ ಮರಗಟ್ಟಿಸುವ ಹನಿ, ಹುಣ್ಣಿನ ಅಂಚು ಕೆರೆಯಲು ಒಂದು ಬ್ಲೇಡು, ಗಾಜಿನ ಪಟ್ಟಿ, ಶೇ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದ ಒಂದು ತೊಟ್ಟು, ಒಂದು ಸೂಕ್ಷ್ಮದರ್ಶಕ. ಆ ದ್ರಾವಣ ಜೀವಕೋಶಗಳನ್ನು ಕರಗಿಸಿ, ಶಿಲೀಂಧ್ರದ ಎಳೆಗಳನ್ನು ಮಾತ್ರ ಉಳಿಸುತ್ತದೆ. ಕೆಲವೇ ನಿಮಿಷದ ಕೆಲಸ. ಹೈದರಾಬಾದಿನ ಅದೇ 1352 ಕಣ್ಣುಗಳಲ್ಲಿ ಈ ಸರಳ ಪರೀಕ್ಷೆ ಶೇ 90ರ ಆಸುಪಾಸು ಶಿಲೀಂಧ್ರವನ್ನು ಹಿಡಿದುಕೊಟ್ಟಿತು. ಕ್ಷಯದ ಕಫ, ಮಲೇರಿಯಾದ ರಕ್ತ ನೋಡುವ ಸೂಕ್ಷ್ಮದರ್ಶಕ ನಮ್ಮ ಆಸ್ಪತ್ರೆಗಳಲ್ಲಿ ಈಗಾಗಲೇ ಇದೆ, ಅದನ್ನು ನೋಡುವ ತಂತ್ರಜ್ಞರೂ ಇದ್ದಾರೆ. ಇಲ್ಲದಿರುವುದು ಕಾರ್ನಿಯಾ ಕೆರೆಯುವ ಕೈಯ ತರಬೇತಿ. ಅದು ಕಲಿಸಬಹುದಾದ ವಿದ್ಯೆ. ಹುಣ್ಣು ಆಳವಾಗಿದ್ದರೆ, ತೆಳುವಾಗಿ ತೂತಾಗುವಂತಿದ್ದರೆ ಕೆರೆಯಲು ಹೋಗದೆ ಅಂದೇ ದೊಡ್ಡ ಆಸ್ಪತ್ರೆಗೆ ಕಳಿಸಬೇಕು, ಅಷ್ಟೆ.

ಹಾಗಿದ್ದರೆ ಪೆಟ್ಟಾದವರಿಗೆಲ್ಲ ಮೊದಲೇ ಶಿಲೀಂಧ್ರನಾಶಕ ಹಾಕಿಬಿಡಿ, ಪರೀಕ್ಷೆಯ ರಗಳೆಯೇ ಬೇಡ ಎಂಬ ಆಕ್ಷೇಪಕ್ಕೆ ತಾಳ್ಮೆಯಿಂದ ಉತ್ತರಿಸಬೇಕು. ಗೀರು ಬೇರೆ, ಹುಣ್ಣು ಬೇರೆ. ನೇಪಾಳದ ಭಕ್ತಪುರದಲ್ಲಿ ಹಳ್ಳಿಯ ಆರೋಗ್ಯ ಕಾರ್ಯಕರ್ತರು ಕಣ್ಣು ಗೀರಿಸಿಕೊಂಡ 442 ಮಂದಿಗೆ ಎರಡು ದಿನದೊಳಗೆ ಕ್ಲೋರಾಂಫೆನಿಕಾಲ್ ಮುಲಾಮು ಹಚ್ಚಿದರು. ಶೇ 96 ಮಂದಿಗೆ ಸೋಂಕಿಲ್ಲದೆ ವಾಸಿಯಾಯಿತು. 18 ಗಂಟೆಯೊಳಗೆ ಬಂದ 284 ಜನರಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲ. 2001ರಲ್ಲಿ ಪ್ರಕಟವಾದ ಈ ವರದಿಯ ಸೋಜಿಗವೆಂದರೆ, ಆ ಮುಲಾಮು ಶಿಲೀಂಧ್ರವನ್ನು ಕೊಲ್ಲುವುದೇ ಇಲ್ಲ. ಆಮೇಲೆ ಮದುರೈ ಸೀಮೆಯ ಹಳ್ಳಿಗಳಲ್ಲಿ ಆಂಟಿಬಯಾಟಿಕ್ ಮುಲಾಮನ್ನು ಒಂದು ಗುಂಪಿಗೂ, ಅದರ ಜೊತೆ ಶಿಲೀಂಧ್ರನಾಶಕವನ್ನು ಇನ್ನೊಂದಕ್ಕೂ ಕೊಟ್ಟು ನೋಡಿದರು. ಎರಡೂ ಗುಂಪಿನವರ ಗೀರು ಹೆಚ್ಚುಕಡಿಮೆ ಒಂದೇ ಬಗೆಯಲ್ಲಿ ವಾಸಿಯಾಯಿತು. ಬೇಗ ಬಂದ ಹಸಿ ಗೀರಿನಲ್ಲಿ ಹೊದಿಕೆ ಒಂದೆರಡು ದಿನದಲ್ಲಿ ತಾನೇ ಕೂಡಿಕೊಳ್ಳುತ್ತದೆ, ಬಾಗಿಲು ಮುಚ್ಚುತ್ತದೆ. ಆ ಹಂತದಲ್ಲಿ ಶಿಲೀಂಧ್ರನಾಶಕ ಬೇಕಿಲ್ಲ.

ಇದಕ್ಕೆ ವಿರುದ್ಧವಾದ ಪ್ರಮಾಣವನ್ನೂ ಮುಚ್ಚಿಡುವುದು ತರವಲ್ಲ. ಭಕ್ತಪುರದಲ್ಲಿ ಮುಲಾಮು ಹಚ್ಚದ ಹೋಲಿಕೆಯ ಗುಂಪಿರಲಿಲ್ಲ. 2022ರಲ್ಲಿ ನೇಪಾಳದಿಂದಲೇ ಬಂದ ಇನ್ನೂ ದೊಡ್ಡ ಅಧ್ಯಯನದಲ್ಲಿ, ಮುಲಾಮು ಕೊಡುವ ಕಾರ್ಯಕರ್ತರಿದ್ದ ಹಳ್ಳಿಗಳಲ್ಲೂ ಇಲ್ಲದ ಹಳ್ಳಿಗಳಲ್ಲೂ ಕಾರ್ನಿಯಾ ಹುಣ್ಣು ಒಂದೇ ಪ್ರಮಾಣದಲ್ಲಿತ್ತು. ನನ್ನ ತಿಳಿವಳಿಕೆಯಲ್ಲಿ ಇದರಿಂದ ಸಿದ್ಧಾಂತ ಬೀಳುವುದಿಲ್ಲ, ಇನ್ನಷ್ಟು ಬಿಗಿಯಾಗುತ್ತದೆ. ಊರಿಗೆ ಮುಲಾಮು ಹಂಚಿದ ಮಾತ್ರಕ್ಕೆ ಹುಣ್ಣು ನಿಲ್ಲುವುದೆಂದು ನೆಚ್ಚಲಾಗದು. ಆದಕಾರಣ ಹುಣ್ಣನ್ನು ಬೇಗ ಗುರುತಿಸುವ ಹೊಣೆಯಿಂದ ಆಸ್ಪತ್ರೆ ತಪ್ಪಿಸಿಕೊಳ್ಳುವಂತಿಲ್ಲ.

ಶಿಲೀಂಧ್ರವೆಂದು ಗೊತ್ತಾದ ಮೇಲೆ ಒಳ್ಳೆಯ ಔಷಧವೇ ಇಲ್ಲ, ಗೊತ್ತಾಗಿ ಏನು ಲಾಭ ಎಂಬ ನಿರಾಶೆಯ ಮಾತೂ ಉಂಟು. ನಟಾಮೈಸಿನ್ ಇದೆ. 1950ರ ದಶಕದಲ್ಲಿ ದಕ್ಷಿಣ ಆಫ್ರಿಕದ ನಟಾಲ್ ಪ್ರಾಂತದ ಮಣ್ಣಿನ ಸೂಕ್ಷ್ಮಜೀವಿಯಿಂದ ಸಿಕ್ಕ ಔಷಧ ಅದು. ಮಣ್ಣಿನಿಂದ ಬಂದ ರೋಗಕ್ಕೆ ಮಣ್ಣೇ ಕೊಟ್ಟ ಮದ್ದು. ಅದಕ್ಕಿಂತ ಹೊಸದಾದ, ಆಳಕ್ಕೆ ಇಳಿಯುವ ವೊರಿಕೊನಜೋಲ್ ಹನಿಯೇ ಮೇಲು ಎಂದು ಹಲವರು ನಂಬಿದ್ದರು. ತಮಿಳುನಾಡು ಮತ್ತು ಪುದುಚೇರಿಯ ಅರವಿಂದ್ ಕಣ್ಣಿನ ಆಸ್ಪತ್ರೆಗಳಲ್ಲಿ 323 ರೋಗಿಗಳ ಮೇಲೆ ಎರಡನ್ನೂ ಎದುರುಬದುರು ನಿಲ್ಲಿಸಿ ನೋಡಿದಾಗ, 2013ರ ಫಲಿತಾಂಶ ನಟಾಮೈಸಿನ್ ಕಡೆಗೆ ವಾಲಿತು, ಅದರಲ್ಲೂ ಫ್ಯುಸೇರಿಯಂ ಹುಣ್ಣುಗಳಲ್ಲಿ. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಆದರೆ ಈ ಹನಿ ಆಳಕ್ಕೆ ಇಳಿಯುವುದಿಲ್ಲ. ಹುಣ್ಣು ಮೇಲುಮೇಲಕ್ಕೆ ಇರುವಾಗಲೇ, ಮೊದಲ ದಿನಗಳಲ್ಲಿ ಗಂಟೆಗೊಮ್ಮೆ ಹಾಕಬೇಕು. ಬೇಗ ಗುರುತಿಸಬೇಕು ಎಂಬ ವಾದಕ್ಕೆ ಔಷಧದ ಈ ಮಿತಿಯೇ ದೊಡ್ಡ ಹೇತು.

ಕಣ್ಣು ಹೋದರೆ ಬೇರೆ ಕಾರ್ನಿಯಾ ಕೂಡಿಸಬಹುದಲ್ಲ, ಎಂಬುದು ಕೊನೆಯ ಆಕ್ಷೇಪ. 2021ರ ಅಕ್ಟೋಬರಿನಲ್ಲಿ ಪುನೀತ್ ರಾಜಕುಮಾರ್ ತೀರಿಕೊಂಡು ಅವರ ಕಣ್ಣುಗಳು ನಾಲ್ವರಿಗೆ ಬೆಳಕಾದ ಮೇಲೆ ಕರ್ನಾಟಕದಲ್ಲಿ ನೇತ್ರದಾನಕ್ಕೆ ಮುಂದೆ ಬಂದವರು ಬಹಳ. ಅದು ದೊಡ್ಡ ಮಾತು. ಆದರೂ ಸೋಂಕು ಉರಿಯುತ್ತಿರುವ ಕಣ್ಣಿಗೆ ಹೊಸ ಕಾರ್ನಿಯಾ ಹೊಲಿದರೆ ಅದರ ಮುಖ್ಯ ಗುರಿ ಕಣ್ಣುಗುಡ್ಡೆಯನ್ನು ಉಳಿಸುವುದು. ನೋಟ ಮರಳುವುದು ಆಮೇಲಿನ ಮಾತು. ಉಳಿದ ಎಳೆಗಳಿಂದ ಸೋಂಕು ಮತ್ತೆ ಬರಬಹುದು, ದೇಹ ಹೊಸ ಕಾರ್ನಿಯಾವನ್ನು ಒಪ್ಪದೆಯೂ ಇರಬಹುದು. ಒಪ್ಪದಿರುವುದನ್ನು ತಡೆಯಲು ಎಂದಿನಂತೆ ಕೊಡುವ ಸ್ಟಿರಾಯ್ಡನ್ನು ಇಂಥ ಕಣ್ಣಿಗೆ ಕೊಡಲು ವೈದ್ಯರಿಗೆ ಅಂಜಿಕೆ. ದಾನವಾಗಿ ಬಂದ ಕಣ್ಣಿಗೆ ಒಳ್ಳೆಯ ಫಲ ಸಿಗಬೇಕಾದರೂ ಹುಣ್ಣು ಆ ಹಂತಕ್ಕೆ ಹೋಗಬಾರದು.

ಸಂಗತಿ

ಈ ನಿರ್ಣಯ ಕಣ್ಣಿಗಷ್ಟೇ ನಿಲ್ಲುವುದಿಲ್ಲ. ಮದುರೈಯ ಔಷಧಾಲಯದಲ್ಲಿ 1842ರಲ್ಲಿ ಜಾನ್ ಗಿಲ್ ವರ್ಣಿಸಿದ, ಆಮೇಲೆ ಮುಂಬಯಿಯಲ್ಲಿ ಹೆನ್ರಿ ವ್ಯಾಂಡೈಕ್ ಕಾರ್ಟರ್ ಶಿಲೀಂಧ್ರಕ್ಕೆ ಜೋಡಿಸಿದ ‘ಮದುರಾ ಪಾದ’ ಕೂಡ ಬರಿಗಾಲಿಗೆ ಚುಚ್ಚಿದ ಮುಳ್ಳಿನ ಜಾಡಿನಲ್ಲೇ ಬರುವ ರೋಗ. ಅಲ್ಲಿ ಮುಳ್ಳಿಗೂ ಊತಕ್ಕೂ ನಡುವೆ ವರ್ಷಗಳೇ ಕಳೆದಿರುತ್ತವೆ, ನೋವೂ ಅಷ್ಟಿರುವುದಿಲ್ಲ. ಹಾಗಾಗಿ ಪೆಟ್ಟಿನ ಪ್ರಶ್ನೆಯನ್ನು ಬಹಳ ಹಿಂದಿನ ದಿನಗಳ ತನಕ ಒಯ್ಯಬೇಕು. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಕಡೆಗಣಿಸಲ್ಪಟ್ಟ ರೋಗಗಳ ಪಟ್ಟಿಗೆ ಸೇರಿಸಿದ್ದೇ 2016ರಲ್ಲಿ.

ರಸ್ತೆ ಅಪಘಾತದಲ್ಲೋ ಟ್ರ್ಯಾಕ್ಟರ್ ಮಗುಚಿಯೋ ಮಣ್ಣು ಹೊಕ್ಕ ಗಾಯಗಳಿಗೆ ಕಾಲಮಾನ ತಿರುಗುಮುರುಗು. ಅಲ್ಲಿ ಶಿಲೀಂಧ್ರ ರಕ್ತನಾಳಕ್ಕೆ ನುಗ್ಗಿ ಕೆಲವೇ ದಿನಗಳಲ್ಲಿ ಮಾಂಸವನ್ನು ಕಪ್ಪಾಗಿಸುತ್ತದೆ. ಒಮ್ಮೆ ಸತ್ತ ಮಾಂಸ ಕತ್ತರಿಸಿ ತೊಳೆದ ಗಾಯದಲ್ಲಿ ಮತ್ತೆ ಮತ್ತೆ ಸತ್ತ ಮಾಂಸ ಕಂಡರೆ, ಆಂಟಿಬಯಾಟಿಕ್ ಬದಲಾಯಿಸುವುದಕ್ಕೆ ಮುಂಚೆ ಮಾಂಸದ ತುಣುಕನ್ನು ಪರೀಕ್ಷೆಗೆ ಕಳಿಸಬೇಕು. ಒಂದು ತುಣುಕು ಫಾರ್ಮಲಿನ್‌ನಲ್ಲಿ, ಇನ್ನೊಂದು ಉಪ್ಪುನೀರಿನ ಸಲೈನ್‌ನಲ್ಲಿ. ಎರಡನ್ನೂ ಫಾರ್ಮಲಿನ್‌ಗೆ ಹಾಕಿದರೆ ಶಿಲೀಂಧ್ರ ಸತ್ತು, ಯಾವುದೆಂದು ಬೆಳೆಸಿ ನೋಡುವ ದಾರಿಯೇ ಮುಚ್ಚುತ್ತದೆ. ಸಲೈನಿನ ತುಣುಕನ್ನು ಪ್ರಯೋಗಾಲಯದವರು ಅರೆಯಬಾರದು, ಚೂರಾಗಿ ಹೆಚ್ಚಬೇಕು. ಇಂಥ ಗಾಯದಲ್ಲಿ ಬೆಳೆಯುವ ಈ ಶಿಲೀಂಧ್ರದ ಎಳೆಗಳಿಗೆ ನಡುವೆ ಅಡ್ಡಗೋಡೆಗಳು ಕಡಿಮೆ, ಅರೆದರೆ ಒಡೆದು ಸಾಯುತ್ತವೆ. ಚೀಟಿಯ ಮೇಲೆ ‘ಗಾಯ’ ಎಂದಷ್ಟೇ ಬರೆಯದೆ ‘ಮಣ್ಣು ಹೊಕ್ಕ ಗಾಯ, ಶಿಲೀಂಧ್ರದ ಶಂಕೆ’ ಎಂದು ಬರೆದು ಕಳಿಸಿದರೆ ಅವರಿಗೆ ಇದು ಗೊತ್ತಾಗುತ್ತದೆ.